ಉಳಿದಷ್ಟು ಕಣ್ಣು

ಅಂಕಣಗಳ ನಡುವಿನ ಗೆರೆ ಸೊಟ್ಟಾಗುವುದಿಲ್ಲ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಅದು ಹಿತ್ತಾಳೆಯ ಪಟ್ಟಿ. ಈಗ ಕಂಪ್ಯೂಟರು ಎಳೆಯುವ ಗೆರೆ. ಎರಡೂ ನೆಟ್ಟಗೇ ಇರುತ್ತವೆ. ಆದ್ದರಿಂದ ಒಂದು ಮಧ್ಯಾಹ್ನ ಕರಡಿನ ಹಾಳೆಯ ಮೇಲೆ ಆ ಗೆರೆ ಹೊಟ್ಟೆ ಉಬ್ಬಿಸಿಕೊಂಡು ನಿಂತದ್ದು ಕಂಡಾಗ, ಕೆಟ್ಟದ್ದು ಅಚ್ಚಲ್ಲ, ನನ್ನ ಎಡಗಣ್ಣು ಎಂದು ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಧಾರವಾಡದ ಪ್ರೆಸ್ಸುಗಳಲ್ಲಿ ಕರಡು ತಿದ್ದುತ್ತಲೇ ಕೂದಲು ಬೆಳ್ಳಗಾದವನು ನಾನು. ಕಣ್ಣೇ ನನ್ನ ಬಂಡವಾಳ.

ವಯಸ್ಸಿನಿಂದ ಬರುವ ಮ್ಯಾಕ್ಯುಲಾ ಸವೆತ ಎಂದರು. ಕಣ್ಣಿನ ಹಿಂಬದಿಯಲ್ಲಿರುವ ರೆಟಿನಾದ ನಟ್ಟನಡುವೆ ಸುಮಾರು 5 ಮಿಲಿಮೀಟರ್ ಅಗಲದ ಜಾಗವೇ ಮ್ಯಾಕ್ಯುಲಾ. ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿದ್ದವರ ಮುಖ ಗುರುತಿಸುವುದು ಎಲ್ಲ ಅಷ್ಟು ಜಾಗದ ಕೆಲಸ. ಸವೆತದಲ್ಲಿ ಎರಡು ಬಗೆ. ಒಣ ಬಗೆಯಲ್ಲಿ ಕೋಶಗಳು ವರ್ಷಗಟ್ಟಲೆ ನಿಧಾನವಾಗಿ ನಶಿಸುತ್ತವೆ. ಒದ್ದೆ ಬಗೆಯಲ್ಲಿ ರೆಟಿನಾದ ಕೆಳಗೆ ಬೇಡದ ರಕ್ತನಾಳಗಳು ಹುಟ್ಟಿ, ಸೋರಿ, ಕೆಲವೇ ವಾರಗಳಲ್ಲಿ ನೋಟ ಕೆಡುತ್ತದೆ. ನೆಟ್ಟಗಿನ ಗೆರೆ ಸೊಟ್ಟ ಕಾಣುವುದು ಅದರ ಸುಳಿವು. ಮನೆಯಲ್ಲೇ ಪರೀಕ್ಷಿಸಿಕೊಳ್ಳಲು ಸ್ವಿಸ್ ನೇತ್ರವೈದ್ಯ ಮಾರ್ಕ್ ಆಮ್ಸ್ಲರ್ ಹೆಸರಿನ ಚೌಕುಳಿ ಹಾಳೆ ಇದೆ. ಅದಿಲ್ಲದಿದ್ದರೆ ಕಿಟಕಿಯ ಸರಳು, ಬಚ್ಚಲಮನೆಯ ಟೈಲ್ಸ್ ಗೆರೆ ಸಾಕು. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಬೇಕು. ಸೊಟ್ಟ ಕಂಡರೆ ಜಾತ್ರೆ ಮುಗಿಯಲಿ, ಸುಗ್ಗಿ ಮುಗಿಯಲಿ ಎನ್ನದೆ ಅದೇ ವಾರ ರೆಟಿನಾ ವೈದ್ಯರ ಬಳಿ ಹೋಗಬೇಕು. ಕಣ್ಣೊಳಗೆ ಕೊಡುವ ಇಂಜೆಕ್ಷನ್ನು ಸೋರಿಕೆಯನ್ನು ತಡೆಯಬಲ್ಲದು. ನನಗೂ ಕೊಟ್ಟರು. ಆದರೂ ಎಡಗಣ್ಣಿನಲ್ಲಿ ಕಲೆ ಉಳಿಯಿತು. ಬಲಗಣ್ಣಿನದು ಒಣ ಬಗೆ. ಅದು ತನ್ನ ಪಾಡಿಗೆ ತಾನು ಸವೆಯುತ್ತಾ ಹೋಯಿತು. ಕೊನೆಗೊಂದು ದಿನ ವೈದ್ಯರು ಫೈಲು ಮುಚ್ಚಿ, “ಇನ್ನ ಮಾಡೂದೇನೂ ಉಳದಿಲ್ಲರೀ” ಎಂದರು.

ರೆಟಿನಾದ ಮಟ್ಟಿಗೆ ಆ ಮಾತು ನಿಜ. ಆ ರೆಟಿನಾ ಹೊತ್ತುಕೊಂಡು ಮನೆಗೆ ಹೋಗಿ ಊಟ ಮಾಡಬೇಕಾದ, ಬಸ್ಸು ಹತ್ತಬೇಕಾದ, ಪಿಂಚಣಿ ಕಾಗದಕ್ಕೆ ಸಹಿ ಹಾಕಬೇಕಾದ ಮನುಷ್ಯನ ಮಟ್ಟಿಗೆ ಅಲ್ಲ. ಮಾಡುವುದು ಬಹಳ ಉಳಿದಿರುತ್ತದೆ. ಅದನ್ನು ಮಾಡುವವರು ಬೇರೆ, ಅಷ್ಟೆ.

ಅವರ ವಿಚಾರ ನಮ್ಮ ಜನಕ್ಕೆ ಗೊತ್ತಾಗದೆ ಇರುವುದಕ್ಕೆ ಕಾರಣವಿದೆ. ನಮ್ಮಲ್ಲಿ ಕಣ್ಣಿನ ವೈದ್ಯಕೀಯವೆಂದರೆ ಪೊರೆ ತೆಗೆಯುವುದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಶಿಬಿರ ಒಯ್ದವರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದಕ್ಕೆ ಗಿನ್ನೆಸ್ ದಾಖಲೆ ಸೇರಿದವರು. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲೂ 50 ದಾಟಿದವರ ಕುರುಡುತನಕ್ಕೆ ಮೊದಲ ಕಾರಣ ಪೊರೆಯೇ, ಶೇ. 66.2. ಪೊರೆ ತೆಗೆದರೆ ಕಣ್ಣು ಬರುತ್ತದೆ. ಪಟ್ಟಿ ಬಿಚ್ಚಿದಾಗ ಮೊಮ್ಮಗನ ಮುಖ ಕಾಣುತ್ತದೆ, ಫೋಟೋ ತೆಗೆಯುತ್ತಾರೆ. ಬಾರದ ಕಣ್ಣಿನವರ ಫೋಟೋ ಯಾರು ತೆಗೆಯುತ್ತಾರೆ?

ಕನ್ನಡಕ, ಔಷಧಿ, ಶಸ್ತ್ರಚಿಕಿತ್ಸೆ ಎಲ್ಲ ಆದಮೇಲೂ ಸರಿಹೋಗದ, ಆದರೆ ಪೂರ್ತಿ ಹೋಗಿಯೂ ಇಲ್ಲದ ನೋಟಕ್ಕೆ ಆಸ್ಪತ್ರೆಯಲ್ಲಿ ಲೋ ವಿಷನ್ ಎನ್ನುತ್ತಾರೆ, ಸರ್ಕಾರಿ ಕಾಗದದಲ್ಲಿ ಮಂದದೃಷ್ಟಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ, ಇದ್ದುದರಲ್ಲಿ ಒಳ್ಳೆಯ ಕಣ್ಣಿನ ನೋಟ ಕನ್ನಡಕ ಹಾಕಿಯೂ 6/18ಕ್ಕಿಂತ ಕೆಳಗೆ, 3/60ರವರೆಗೆ ಇದ್ದರೆ ಮಂದದೃಷ್ಟಿ. ಅದಕ್ಕೂ ಕೆಳಗೆ ಹೋದರೆ ಕುರುಡುತನ. ನೋಟದ ಹರವು 40 ಡಿಗ್ರಿಗಿಂತ ಕಿರಿದಾಗಿ 10 ಡಿಗ್ರಿವರೆಗೆ ಬಂದರೂ ಮಂದದೃಷ್ಟಿಯೇ. ನನ್ನ ಬಲಗಣ್ಣು 6/60. ಒಳ್ಳೆಯ ಕಣ್ಣಿನವರು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು ನಾನು 6 ಮೀಟರಿಗೆ ಹೋಗಿ ಓದುತ್ತೇನೆ. ವೈಕಲ್ಯದ ಪ್ರಮಾಣಪತ್ರದ ಜೊತೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು ಸಿಗುತ್ತದೆ, ವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ ಸರ್ಕಾರಿ ನೌಕರಿಯ ಮೀಸಲಾತಿಗೂ ದಾರಿ. ನನ್ನ ವಯಸ್ಸಿಗೆ ನೌಕರಿ ಬೇಡ, ಆದರೆ ಕಾರ್ಡು ಮಾಡಿಸಿಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ.

ಮಗ ನನ್ನನ್ನು ಬೆಂಗಳೂರಿನ ಒಂದು ಲೋ ವಿಷನ್ ವಿಭಾಗಕ್ಕೆ ಕರೆದೊಯ್ದ. ಇಂಥ ವಿಭಾಗಗಳು ಹೊಸವಲ್ಲ. ನ್ಯೂಯಾರ್ಕಿನಲ್ಲಿ 1953ರಲ್ಲೇ ಶುರುವಾಗಿದ್ದವು. ನಮ್ಮ ದಕ್ಷಿಣದಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್, ಚೆನ್ನೈನ ಶಂಕರ ನೇತ್ರಾಲಯ, ಮಧುರೈನ ಅರವಿಂದ ಆಸ್ಪತ್ರೆಗಳಲ್ಲಿ ಇವೆ. ನಾನು ಹೋದಲ್ಲಿ ವೈದ್ಯರಿಗಿಂತ ಹೆಚ್ಚು ಹೊತ್ತು ಕೂತವರು ಒಬ್ಬ ಆಪ್ಟೊಮೆಟ್ರಿಸ್ಟ್ ಹುಡುಗಿ. ಆಕೆ ಚಾರ್ಟು ತೋರಿಸಲಿಲ್ಲ, ಟಾರ್ಚು ಬಿಡಲಿಲ್ಲ. “ಸರ್, ಕಣ್ಣಿನ ವಿಷಯ ಆಮೇಲೆ. ಬೆಳಿಗ್ಗೆ ಎದ್ದಾಗಿನಿಂದ ಯಾವ ಯಾವ ಕೆಲಸಕ್ಕೆ ತೊಂದರೆ ಆಗ್ತಿದೆ, ಒಂದೊಂದೇ ಹೇಳಿ” ಎಂದು ಪೆನ್ನು ಹಿಡಿದಳು. ಪೇಪರು ಓದಲು ಆಗುವುದಿಲ್ಲ, ನೂರರ ನೋಟು ಇನ್ನೂರರ ನೋಟು ತಿಳಿಯುವುದಿಲ್ಲ, ಚಹಾ ಬಸಿಯುವಾಗ ಕಪ್ಪು ತುಂಬಿ ಚೆಲ್ಲುತ್ತದೆ, ಓಣಿಯ ಜನರ ಮುಖ ತಿಳಿಯುವುದಿಲ್ಲ ಎಂದೆ. ಇವುಗಳಲ್ಲಿ ಮೊದಲು ಯಾವುದು ಬೇಕು ಎಂದು ಕೇಳಿದಳು. ಈ ಕೆಲಸದ ಮುಖ್ಯ ಪ್ರಶ್ನೆಯೇ ಅದು ಎಂದು ಆಮೇಲೆ ತಿಳಿಯಿತು. ಒಬ್ಬಳು ಅಜ್ಜಿಗೆ ಓದು ಬೇಕಿಲ್ಲ, ಅಕ್ಕಿಯ ಕಲ್ಲು ಆರಿಸಬೇಕು. ಇನ್ನೊಬ್ಬನಿಗೆ ಹೊಲದ ಬದುವಿನ ಮೇಲೆ ನಡೆಯಬೇಕು. ಒಂದೇ ರೋಗ, ಒಂದೇ 6/60 ಇದ್ದರೂ ಇಬ್ಬರಿಗೂ ಒಂದೇ ಮದ್ದು ಬರೆಯಲು ಬರುವುದಿಲ್ಲ. ನಾನು ಓದು ಎಂದೆ.

ಆಗ ಅವಳು ಹತ್ತಿರದಿಂದ ಓದುವ ಚಾರ್ಟು ಕೊಟ್ಟಳು. ಅದರ ಅಳತೆ ಪಾಯಿಂಟಿನಲ್ಲಿತ್ತು! ಜೀವನವಿಡೀ ಪಾಯಿಂಟ್ ಲೆಕ್ಕದಲ್ಲಿ ಬದುಕಿದವನಿಗೆ ತವರುಮನೆಯ ನಂಟರು ಸಿಕ್ಕಷ್ಟು ಖುಷಿಯಾಯಿತು. 40 ಸೆಂಟಿಮೀಟರ್ ದೂರದಲ್ಲಿ ನಾನು ಓದಿದ್ದು 36 ಪಾಯಿಂಟ್, ಅಂದರೆ ತಲೆಬರಹದ ಅಕ್ಷರ. ನನಗೆ ಬೇಕಿದ್ದದ್ದು ಪತ್ರಿಕೆಯ 9 ಪಾಯಿಂಟ್. ಮುಂದಿನದು ಪ್ರಾಥಮಿಕ ಶಾಲೆಯ ಭಾಗಾಕಾರ. ನಾಲ್ಕು ಪಟ್ಟು ದೊಡ್ಡದಾಗಬೇಕೆಂದರೆ ಹಾಳೆ ನಾಲ್ಕು ಪಟ್ಟು ಹತ್ತಿರ ಬರಬೇಕು, 10 ಸೆಂಟಿಮೀಟರಿಗೆ. ಅಷ್ಟು ಹತ್ತಿರದ್ದು ಮುದಿಗಣ್ಣಿಗೆ ಸ್ಪಷ್ಟ ಕಾಣಲು 10 ಡಯಾಪ್ಟರ್ ಶಕ್ತಿಯ ಮಸೂರ ಬೇಕು. ಆದರೆ ಕಷ್ಟಪಟ್ಟು ಒಂದೊಂದೇ ಅಕ್ಷರ ಬಿಡಿಸುವುದು ಬೇರೆ, ಸರಾಗವಾಗಿ ಓದುವುದು ಬೇರೆ. ಸರಾಗ ಓದಿಗೆ ಅಕ್ಷರ ಕನಿಷ್ಠ ಗಾತ್ರದ ಇಮ್ಮಡಿಯಾದರೂ ಇರಬೇಕಂತೆ. ಹಾಗಾಗಿ 20 ಡಯಾಪ್ಟರ್, 5 ಸೆಂಟಿಮೀಟರ್. ಹಾಳೆ ಮೂಗಿಗೆ ತಾಗುವಷ್ಟು ಸಮೀಪ. “ಹಿಂಗ ಓದಿದ್ರ ಇದ್ದ ಕಣ್ಣೂ ಹೋಗೂದಿಲ್ಲೇನು?” ಎಂದೆ. ಹೋಗುವುದಿಲ್ಲ.

ಇದ್ದ ಕಣ್ಣನ್ನು ಬಳಸದೆ ಉಳಿಸಿಕೊಳ್ಳಬೇಕು ಎಂಬ ನಂಬಿಕೆ ನಮ್ಮ ಅಜ್ಜಿಯರದ್ದು ಮಾತ್ರವಲ್ಲ. ಪಶ್ಚಿಮದ ಶಾಲೆಗಳಲ್ಲೂ ದೃಷ್ಟಿ ಉಳಿಸುವ ತರಗತಿಗಳೆಂದು ನಡೆಸಿ, ಅರೆಬರೆ ಕಾಣುವ ಮಕ್ಕಳು ಕಣ್ಣಿಗೆ ಶ್ರಮ ಕೊಡದಂತೆ ಕಾಯುತ್ತಿದ್ದರು. ಅಮೆರಿಕದ ಶಿಕ್ಷಕಿ ನಟಾಲಿ ಬರಾಗಾ 1964ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಅಲ್ಪಸ್ವಲ್ಪ ನೋಟವಿದ್ದ ಮಕ್ಕಳಿಗೆ ನೋಡುವ ಅಭ್ಯಾಸ ಮಾಡಿಸಿದರೆ, ಕಣ್ಣಿನ ಅಳತೆ ಅಷ್ಟೇ ಇದ್ದರೂ ಮಗು ಅದರಿಂದ ಹೆಚ್ಚು ಕಾಣುತ್ತದೆ ಎಂದು ಆಕೆ ತೋರಿಸಿಕೊಟ್ಟಳು. ಅಂಧರ ಶಾಲೆಗಳಲ್ಲಿ ಬ್ರೈಲ್ ಚುಕ್ಕೆಗಳನ್ನು ಬೆರಳಿನಿಂದ ಮುಟ್ಟುವ ಬದಲು ಕಣ್ಣಿನಿಂದ ಓದುವ ಮಕ್ಕಳಿರುತ್ತಾರೆ ಎಂದರೆ ನೀವು ನಗಬಹುದು. ಅಂಥ ಮಗುವಿಗೆ ಬೇಕಾದದ್ದು ಬ್ರೈಲಿಗಿಂತ ಮೊದಲು ಒಂದು ಒಳ್ಳೆಯ ಮಸೂರ, ಮುಂದಿನ ಬೆಂಚು, ಕರಿಹಲಗೆ ನೋಡಲು ಅಂಗೈಯಲ್ಲಿ ಹಿಡಿಯುವ ಪುಟ್ಟ ದುರ್ಬೀನು.

ಮಸೂರಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲರಿಗೂ ಇದೆ. ದೊಡ್ಡ ಭೂತಗನ್ನಡಿ ಹೆಚ್ಚು ದೊಡ್ಡದು ಮಾಡಿ ತೋರಿಸುತ್ತದೆ ಎಂದುಕೊಳ್ಳುತ್ತೇವೆ. ಆಗುವುದು ತದ್ವಿರುದ್ಧ. ತಟ್ಟೆಯಷ್ಟಗಲದ ಮಸೂರ ಹೆಚ್ಚೆಂದರೆ ಎರಡು ಪಟ್ಟು ಮಾಡೀತು. ಶಕ್ತಿ ಏರಿದಂತೆ ಮಸೂರ ಕಿರಿದಾಗುತ್ತದೆ, ಕಾಣುವ ಹರವೂ ಕಿರಿದಾಗುತ್ತದೆ. ನನಗೆ ಕೊಟ್ಟದ್ದು ಕಾಲಿರುವ, ಒಳಗೆ ಎಲ್‌ಇಡಿ ದೀಪವಿರುವ ಸ್ಟ್ಯಾಂಡ್ ಮಸೂರ. ಹಾಳೆಯ ಮೇಲೆ ಇಟ್ಟು ಸರಿಸುತ್ತ ಹೋಗುವುದು, ಕೈ ನಡುಗಿದರೂ ದೂರ ಬದಲಾಗುವುದಿಲ್ಲ. ಒಮ್ಮೆಗೆ ನಾಲ್ಕಾರು ಅಕ್ಷರ ಕಾಣುತ್ತವೆ. ಸಾಲಿನ ಕೊನೆ ಮುಟ್ಟಿ ಮುಂದಿನ ಸಾಲಿನ ಮೊದಲಿಗೆ ಬರುವಾಗ ದಾರಿ ತಪ್ಪುತ್ತದೆ. ಅದಕ್ಕೆ ಕಪ್ಪು ರಟ್ಟಿನಲ್ಲಿ ಒಂದು ಸಾಲಿನಷ್ಟು ಸೀಳು ಕತ್ತರಿಸಿ, ಸೀಳಿನೊಳಗಿಂದ ಓದಿ ಎಂದರು. ಸುತ್ತಲಿನ ಬಿಳಿ ಕಾಗದದ ಝಳಪೂ ಕಡಿಮೆಯಾಗುತ್ತದೆ. ಕಾಸು ಖರ್ಚಿಲ್ಲದ ಉಪಕರಣ.

ಇಲ್ಲಿ ಕನ್ನಡದ್ದೊಂದು ತಕರಾರಿದೆ. ಆ ಸೀಳಿನ ಅಳತೆ ಇಂಗ್ಲಿಷಿನದು. ನಮಗೆ ಸಾಲಿನ ಕೆಳಗೊಂದು ಸಾಲು ಇದೆಯಲ್ಲ, ಒತ್ತಕ್ಷರದ್ದು! ಸೀಳು ಇಕ್ಕಟ್ಟಾದರೆ ಒತ್ತು ಕತ್ತರಿಸಿ ಹೋಗುತ್ತದೆ. ಮಬ್ಬಿನಲ್ಲಿ ಮೊದಲು ಕಳೆದುಹೋಗುವುದೂ ಅದೇ. ಪಕ್ಕ, ಪಕ್ಷ, ಮಗ್ಗ, ಮಗ್ನ — ವ್ಯತ್ಯಾಸವೆಲ್ಲ ಕೆಳಗಿನ ಪುಟ್ಟ ಗುರುತಿನಲ್ಲಿ. ಚುನಾವಣೆಯ ಕಾಲದಲ್ಲಿ ಪಕ್ಕದವರು ಮಾಡಿದ್ದೆಲ್ಲ ಪಕ್ಷದವರ ತಲೆಗೆ ಬರುತ್ತಿತ್ತು. ಆಮೇಲೆ ದ, ಧ, ಥ, ಬ, ಭ, ಪ, ಷ. ಒಂದು ಸೀಳು, ಒಂದು ಚುಕ್ಕೆಯ ಮೇಲೆ ನಿಂತ ಅಕ್ಷರಗಳು. ನಾನು ರಟ್ಟಿನ ಸೀಳನ್ನು ಒಂದೂವರೆ ಪಟ್ಟು ಅಗಲ ಮಾಡಿ ಆ ಹುಡುಗಿಗೆ ತೋರಿಸಿದೆ. ಆಕೆ ಅಳೆದು ಬರೆದುಕೊಂಡಳು. ಕನ್ನಡ ಪ್ರಕಾಶಕರಿಗೂ ನನ್ನ ಮನವಿ ಇದೇ. ದೊಡ್ಡಕ್ಷರದ ಪುಸ್ತಕ ಮಾಡುವಾಗ ಅಕ್ಷರವನ್ನಷ್ಟೇ ಹಿಗ್ಗಿಸಬೇಡಿ, ಸಾಲುಗಳ ನಡುವಿನ ಜಾಗವನ್ನೂ ಹಿಗ್ಗಿಸಿ.

ಮಸೂರ ಅರ್ಧ ಕೆಲಸ. ಉಳಿದರ್ಧ ಕಣ್ಣನ್ನು ಪಳಗಿಸುವುದು. ನನ್ನಂಥವರಿಗೆ ನಡುವೆ ಕಪ್ಪು ತೂತು ಕಾಣುತ್ತದೆ ಎಂದು ಚಿತ್ರಗಳಲ್ಲಿ ತೋರಿಸುತ್ತಾರೆ. ಹಾಗೇನೂ ಇಲ್ಲ. ಅಲ್ಲಿ ಏನೋ ಮಸುಕು, ಎಷ್ಟೋ ಸಲ ಅದೂ ಇಲ್ಲ; ಮಿದುಳು ಸುತ್ತಲಿನ ಬಣ್ಣವನ್ನೇ ಎಳೆದು ತುಂಬಿಬಿಡುತ್ತದೆ. ಇಲ್ಲದ ಅಕ್ಷರವನ್ನು ಮನಸ್ಸು ಇದೆ ಎಂದು ಓದಿಬಿಡುವುದು ಕರಡು ತಿದ್ದುವವರ ಹಳೆಯ ವೈರಿ, ಅದು ಈಗ ಇಡೀ ಲೋಕಕ್ಕೆ ಹಬ್ಬಿತು. ನೋಡಬೇಕಾದ್ದನ್ನು ನೇರ ನೋಡಿದರೆ ಅದು ಮಾಯ. ಪಕ್ಕಕ್ಕೆ ನೋಡಿದರೆ ಬರುತ್ತದೆ, ಯಾಕೆಂದರೆ ಅಂಚಿನ ರೆಟಿನಾ ಚೆನ್ನಾಗಿದೆ. ಯಾವ ಪಕ್ಕಕ್ಕೆ? ಹುಡುಗಿ ಎದುರು ಕೂತು, ತನ್ನ ಮುಖದ ಸುತ್ತ ಒಂದು ಗಡಿಯಾರ ಇದೆಯೆಂದು ಭಾವಿಸಲು ಹೇಳಿದಳು. ಒಂದು ಗಂಟೆಯ ಕಡೆ ನೋಡಿ, ಮೂರರ ಕಡೆ ನೋಡಿ, ಯಾವಾಗ ನನ್ನ ಮೂಗು ಚೆನ್ನಾಗಿ ಕಾಣುತ್ತದೆ ಹೇಳಿ. ನನಗೆ ಹನ್ನೆರಡು ಗಂಟೆ. ಮೇಲೆ ನೋಡಿದರೆ ಕುರುಡು ಜಾಗವೂ ಮೇಲೇರಿ, ಓದುವ ಸಾಲು ಅದರ ಕೆಳಗೆ ಅಡ್ಡಿಯಿಲ್ಲದೆ ಉಳಿಯುತ್ತದೆ. ಇನ್ನು ಕಣ್ಣನ್ನು ಅಲ್ಲೇ ನಿಲ್ಲಿಸಿ ಹಾಳೆಯನ್ನೇ ಎಡಕ್ಕೆ ಸರಿಸಬೇಕು. ಎಪ್ಪತ್ತು ವರ್ಷದ ಚಾಳಿಗೆ ಇದು ತಿರುಗುಮುರುಗು. ಮೊದಮೊದಲು ಐದು ನಿಮಿಷಕ್ಕೆ ತಲೆ ಸುತ್ತುತ್ತಿತ್ತು. ಈಗ ಬೆಳಗಿನ ಸಂಪಾದಕೀಯ ಮುಗಿಸಲು ಚಹಾ ಎರಡು ಸಲ ಬೇಕಾಗುತ್ತದೆ, ಆದರೆ ಮುಗಿಯುತ್ತದೆ.

ಮನೆಯವರಿಗೆ ಇದು ಬೇರೆಯೇ ಫಜೀತಿ. “ಅಜ್ಜಾ, ನನ್ನ ಜೋಡಿ ಮಾತಾಡಾಕತ್ತಿಯೋ, ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಜೋಡಿಯೋ?” ಎಂದು ಮೊಮ್ಮಗಳು ಕೇಳುತ್ತಾಳೆ. ಅವಳ ನೆತ್ತಿಯ ಮೇಲೆ ನೋಡಿದಾಗಲೇ ನನಗೆ ಅವಳ ಮುಖ ಕಾಣುವುದು.

ಬೆಳಕಿನ ವಿಷಯವನ್ನು ನಮ್ಮ ಮನೆಗಳಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಮೇಲೆ ಒಂದು ಟ್ಯೂಬ್‌ಲೈಟ್, ಮುಗಿಯಿತು. ಸವೆದ ಮ್ಯಾಕ್ಯುಲಾಗೆ ಬೆಳಕು ಬಹಳ ಬೇಕು, ಅದೂ ಹಾಳೆಯ ಮೇಲೆ, ಕಣ್ಣಿಗೆ ಅಲ್ಲ. ದೀಪವನ್ನು ಅರ್ಧ ದೂರಕ್ಕೆ ತಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ದೊಡ್ಡ ಬಲ್ಬು ಕೊಳ್ಳುವುದಕ್ಕಿಂತ ಬಗ್ಗುವ ಕತ್ತಿನ ಟೇಬಲ್ ದೀಪ ಲಾಭ. ತಂದೆಯವರು ಪುರಾಣ ಓದುತ್ತಿದ್ದ ವ್ಯಾಸಪೀಠವನ್ನು ಅಟ್ಟದಿಂದ ಇಳಿಸಿ, ಎರಡು ಹಲಗೆ ಏರಿಸಿ, ಅದರ ಮೇಲೆ ಪುಸ್ತಕ ಇಡುತ್ತೇನೆ. ಬೆನ್ನು ಬಗ್ಗಿಸುವ ಕೆಲಸ ತಪ್ಪಿತು. ಸೊಸೆ ಚುರುಕಿನವಳು. ಬಿಳಿ ತಟ್ಟೆಯಲ್ಲಿ ಮೊಸರನ್ನ ಕಾಣುವುದಿಲ್ಲ, ಸ್ಟೀಲ್ ತಟ್ಟೆ ಝಗಮಗ ಹೊಡೆಯುತ್ತದೆ ಎಂದು ತಿಳಿದಮೇಲೆ ಕಡುನೀಲಿ ತಟ್ಟೆ ತಂದಳು. ಬಾಳೆ ಎಲೆಯ ಮೇಲೆ ಅನ್ನ ಎಷ್ಟು ಎದ್ದು ಕಾಣುತ್ತದೆ ಎಂಬುದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಚಹಾಕ್ಕೆ ಬಿಳಿ ಕಪ್ಪು, ಮಜ್ಜಿಗೆಗೆ ಕಪ್ಪನೆಯ ಲೋಟ. ಹೊಸ್ತಿಲಿಗೆ, ಮೆಟ್ಟಿಲ ಅಂಚಿಗೆ ಹಳದಿ ಪಟ್ಟಿ. ಗ್ಯಾಸ್ ಒಲೆಯ ಗುಂಡಿಯಲ್ಲಿ ಸಣ್ಣ ಉರಿ ನಿಲ್ಲುವ ಕಡೆ ಉಬ್ಬಿದ ಟಿಕಳಿ ಅಂಟಿಸಿದ್ದಾಳೆ, ಮುಟ್ಟಿದರೆ ತಿಳಿಯುತ್ತದೆ. ಪೇಟೆಯಲ್ಲಿ ಇದಕ್ಕೆಂದೇ ಮಾಡಿದ ಉಬ್ಬುಚುಕ್ಕೆಗಳು ಸಿಗುತ್ತವೆ, ಟಿಕಳಿ ಅಗ್ಗ.

ನೋಟಿನ ಕಥೆ ಬೇರೆ. ಹೊಸ ನೋಟುಗಳು 50ರಿಂದ 500ರವರೆಗೆ ಒಂದೇ ಎತ್ತರ, 66 ಮಿಲಿಮೀಟರ್. ಉದ್ದದಲ್ಲಿ 100 ಮತ್ತು 200ರ ನಡುವೆ ಬರೀ 4 ಮಿಲಿಮೀಟರ್ ಅಂತರ, 200 ಮತ್ತು 500ರ ನಡುವೆಯೂ ಅಷ್ಟೇ. ಅಂಚಿನಲ್ಲಿ ಉಬ್ಬುಗೆರೆಗಳಿವೆ: ನೂರಕ್ಕೆ ನಾಲ್ಕು, ಇನ್ನೂರಕ್ಕೆ ನಾಲ್ಕರ ನಡುವೆ ಎರಡು ಸೊನ್ನೆ, ಐನೂರಕ್ಕೆ ಐದು. ಗರಿಗರಿ ನೋಟಿನಲ್ಲಿ ಚೆನ್ನ. ಸಂತೆಯಲ್ಲಿ ಹತ್ತಾರು ಕೈ ದಾಟಿದ ನೋಟಿನಲ್ಲಿ ಉಬ್ಬೆಲ್ಲಿ? ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಮಣಿ ಎಂಬ ಆ್ಯಪ್ ತಂದಿತು, ಕ್ಯಾಮೆರಾ ಎದುರು ಹಿಡಿದರೆ ಮೊತ್ತ ಹೇಳುತ್ತದೆ. ಫೋನು ಪೇಪರನ್ನೂ ಓದಿ ಹೇಳುತ್ತದೆ, ಅಕ್ಷರವನ್ನು ಕಪ್ಪಿನ ಮೇಲೆ ಬಿಳಿ ಮಾಡಿ ಹಿಗ್ಗಿಸಿಯೂ ತೋರಿಸುತ್ತದೆ. ಕಾದಂಬರಿ ನಾನು ಕಿವಿಯಿಂದಲೇ ಓದುವುದು. ಕರಡನ್ನು ಮಾತ್ರ ಕಣ್ಣಿಗೇ ಬಿಡಬೇಕು. ಶ, ಷ ಯಾವುದೆಂದು ಯಾವ ಯಂತ್ರದ ದನಿಯೂ ನನಗೆ ಬಿಡಿಸಿ ಹೇಳಿಲ್ಲ.

ಆ ವಿಭಾಗದ ಬೆಂಚಿನ ಮೇಲೆ ಹಾವೇರಿ ಕಡೆಯ ಒಬ್ಬ ಹುಡುಗನ ಪರಿಚಯವಾಯಿತು. ಅವನದು ನನ್ನದರ ಉಲ್ಟಾ. ರೆಟಿನೈಟಿಸ್ ಪಿಗ್ಮೆಂಟೋಸಾ. ಚಿಕ್ಕಂದಿನಲ್ಲಿ ಇರುಳುಗುರುಡು, ಆಮೇಲೆ ಅಂಚಿನಿಂದ ಒಳಗೆ ನೋಟ ಮುಚ್ಚುತ್ತ ಬಂದು ಈಗ ನಡುವೆ ಒಂದು ಕಿಂಡಿಯಷ್ಟು ಉಳಿದಿದೆ. ವಂಶವಾಹಿಯ ದೋಷ ಅದು, ರಕ್ತಸಂಬಂಧದ ಮದುವೆಯಲ್ಲಿ ಕೆಲವು ಬಗೆಗಳ ಸಾಧ್ಯತೆ ಹೆಚ್ಚುತ್ತದೆ. ಅವನ ತಾಯಿ ಸೋದರಮಾವನನ್ನೇ ಮದುವೆಯಾದವರು. ಆ ಕಿಂಡಿಯಿಂದ ಅವನು ಮೊಬೈಲಿನ ಸಣ್ಣಕ್ಷರವನ್ನು ನಿರರ್ಗಳ ಓದುತ್ತಾನೆ, ಎದುರಿಗಿನ ಎಮ್ಮೆಗೆ ಮಾತ್ರ ಡಿಕ್ಕಿ ಹೊಡೆಯುತ್ತಾನೆ. ಅವನಿಗೆ ಮಸೂರ ಬೇಡ, ಕೋಲು ಬೇಕು. ಈ ಬಿಳಿ ಕೋಲನ್ನು ಹೆಜ್ಜೆಯ ಮುಂದೆ ಎಡಬಲ ಆಡಿಸಿ ನಡೆಯುವ ಕ್ರಮವನ್ನು ರೂಪಿಸಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಕಣ್ಣು ಕಳೆದುಕೊಂಡ ಸೈನಿಕರಿಗಾಗಿ, ಅಮೆರಿಕದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯ ರಿಚರ್ಡ್ ಹೂವರ್. ನೆಲ ನೋಡುವ ಕೆಲಸವನ್ನು ಕೋಲಿಗೆ ಒಪ್ಪಿಸಿದರೆ ಆ ಚೂರು ನೋಟ ಅಂಗಡಿಯ ಬೋರ್ಡು, ಮನುಷ್ಯರ ಮುಖ ನೋಡಲು ಬಿಡುವಾಗುತ್ತದೆ.

ಹುಡುಗ ನಡಿಗೆಯನ್ನು ಬೇಗ ಕಲಿತ. ಅವನ ತೊಂದರೆ ಇದ್ದದ್ದು ಬೇರೆ ಕಡೆ. “ಅಜ್ಜಾರ, ಬಸ್ನಾಗ ಕೋಲು ಹಿಡ್ಕೊಂಡು ಕುಂತು ಮೊಬೈಲ್ ನೋಡಿದ್ರ ಮಂದಿ ನಾಟಕ ಮಾಡಾಕತ್ತಾನ ಅಂತಾರ್ರಿ” ಎಂದ. ಊರು ಹತ್ತಿರ ಬಂದಂತೆ ಕೋಲನ್ನು ಮಡಿಸಿ ಚೀಲಕ್ಕೆ ತುರುಕುತ್ತಾನೆ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ನನಗೂ ಅದೇ ಆರೋಪ. ನೆಲದ ಮೇಲೆ ಬಿದ್ದ ಗುಂಡುಪಿನ್ನು ಓರೆಗಣ್ಣಿಗೆ ಸಿಕ್ಕರೆ ಎತ್ತಿಕೊಡುತ್ತೇನೆ, ಎದುರು ನಿಂತ ಬೀಗರನ್ನು ಮಾತಾಡಿಸದೆ ದಾಟುತ್ತೇನೆ. ಪೂರ್ತಿ ಕುರುಡರಿಗೆ ಜನ ಕೈ ಹಿಡಿಯುತ್ತಾರೆ, ಪೂರ್ತಿ ಕಾಣುವವರನ್ನು ಅವರ ಪಾಡಿಗೆ ಬಿಡುತ್ತಾರೆ. ನಡುವಿನವರು ಪ್ರತಿ ದಿನ ಸಾಕ್ಷಿ ಹೇಳಬೇಕು. ನಮ್ಮ ಪುನರ್ವಸತಿಯ ಅತಿ ಕಷ್ಟದ ಪಾಠ ಇದೇ ಎಂದು ನನ್ನ ಅಭಿಪ್ರಾಯ, ಅದನ್ನು ಕಲಿಯಬೇಕಾದವರು ಆಸ್ಪತ್ರೆಗೆ ಬರುವುದೇ ಇಲ್ಲ. ಬಸ್ ಸ್ಟ್ಯಾಂಡಿಗೆ ನಾವಿಬ್ಬರೂ ಕೂಡಿಯೇ ಹೋದೆವು. ಅವನು ಬೋರ್ಡು ಓದಿದ, ನಾನು ಗಟಾರ ತಪ್ಪಿಸಿದೆ.

ಒಂದು ವಿಷಯ ಮನೆಯಲ್ಲಿ ಬಹಳ ದಿನ ಮುಚ್ಚಿಟ್ಟಿದ್ದೆ. ಸಂಜೆಯ ಮಬ್ಬಿನಲ್ಲಿ ಗೋಡೆಯ ತುಂಬ ಅಕ್ಷರದ ಸಾಲುಗಳು ಕಾಣುತ್ತಿದ್ದವು. ಕನ್ನಡದ ದುಂಡು ಇದೆ, ಓದಲು ಹೋದರೆ ಯಾವ ಲಿಪಿಯೂ ಅಲ್ಲ. ಒಮ್ಮೊಮ್ಮೆ ಪಟಗ ಸುತ್ತಿದ ಗೇಣುದ್ದದ ಮನುಷ್ಯರು ಸಾಲಾಗಿ ಪಡಸಾಲೆ ದಾಟುತ್ತಿದ್ದರು. ಹೇಳಿದರೆ ತಲೆ ಕೆಟ್ಟಿತು ಎಂದಾರು, ಇಲ್ಲವೇ ತಾಯತ ಕಟ್ಟಿಸಿಯಾರು. ಆ ಹುಡುಗಿ ತಾನಾಗಿಯೇ ಕೇಳಿದಳು: “ಸರ್, ಇಲ್ಲದ್ದೇನಾದ್ರೂ ಕಾಣುತ್ತಾ?” ಇದಕ್ಕೆ ಚಾರ್ಲ್ಸ್ ಬೊನೆ ಲಕ್ಷಣ ಎಂದು ಹೆಸರು. ಜಿನೀವಾದ ನಿಸರ್ಗವಿಜ್ಞಾನಿ ಬೊನೆ 1760ರಲ್ಲಿ ತನ್ನ ಅಜ್ಜನ ಕಣ್ಣಿಗೆ ಬೀಳುತ್ತಿದ್ದ ಗಂಡಸರು, ಹೆಂಗಸರು, ಹಕ್ಕಿಗಳು, ಕಟ್ಟಡಗಳ ಬಗ್ಗೆ ಬರೆದ. ಅಜ್ಜನ ಬುದ್ಧಿ ಸ್ಥಿಮಿತದಲ್ಲೇ ಇತ್ತು, ಕೆಟ್ಟದ್ದು ಕಣ್ಣು. ಕಣ್ಣಿನಿಂದ ಸುದ್ದಿ ಬರುವುದು ಕಡಿಮೆಯಾದಾಗ ಮಿದುಳಿನ ನೋಡುವ ಭಾಗ ತಾನೇ ಚಿತ್ರ ಹುಟ್ಟಿಸುತ್ತದೆ. ದೀಪ ಹಚ್ಚಿದರೆ, ಕಣ್ಣು ಅತ್ತಿತ್ತ ಹೊರಳಿಸಿದರೆ ಎಷ್ಟೋ ಸಲ ಹೋಗುತ್ತದೆ. ನಿಮ್ಮ ಮನೆಯ ಹಿರಿಯರಿಗೆ ಕಣ್ಣು ಮಂದವಾಗಿದ್ದರೆ ಮೆಲ್ಲಗೆ ಕೇಳಿ ನೋಡಿ, ಅವರೂ ಮುಚ್ಚಿಟ್ಟಿರಬಹುದು. ನನ್ನ ಪಟಗದವರು ಈಗ ಅಪರೂಪ. ಬಂದರೆ ದಾರಿ ಬಿಡುತ್ತೇನೆ.

ಮೊದಲ ದಿನ ಆ ಹುಡುಗಿಯ ಪಟ್ಟಿಯಲ್ಲಿ ಬರೆಸಿದ್ದರಲ್ಲಿ ಓದು ಬಂತು, ನೋಟು ಬಂತು, ಚಹಾ ಚೆಲ್ಲುವುದು ನಿಂತಿತು. ಮುಖಗಳು ಬರಲಿಲ್ಲ. ಹತ್ತಿರ ಕೂತ ಮೊಮ್ಮಗಳ ಮುಖಕ್ಕೆ ಗಡಿಯಾರದ ಯುಕ್ತಿ ನಡೆಯುತ್ತದೆ, ರಸ್ತೆಯಲ್ಲಿ ನಡೆದು ಬರುವವರಿಗೆ ನಡೆಯುವುದಿಲ್ಲ. ಅದಕ್ಕೆ ಮಸೂರವೂ ಇಲ್ಲ. ಇಲ್ಲಿ ಸಹಾಯ ಮಾಡಬೇಕಾದವರು ಎದುರಿನಿಂದ ಬರುವವರೇ. ನಮ್ಮ ಓಣಿಯಲ್ಲಿ ಒಂದು ಆಟವಿದೆ. ಭುಜದ ಮೇಲೆ ಕೈ ಹಾಕಿ, “ಅಜ್ಜಾರ, ನಾ ಯಾರು ಹೇಳ್ರಿ ನೋಡೂಣು?” ಎನ್ನುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಅದು ಪರೀಕ್ಷೆ, ನಾನು ದಿನಕ್ಕೆ ಹಲವು ಸಲ ನಪಾಸಾಗುತ್ತೇನೆ. ಈಗ ನಾನೂ ಒಂದು ಉಪಾಯ ಕಲಿತಿದ್ದೇನೆ: “ನೀವು ನನಗ ರೊಕ್ಕ ಕೊಡಬೇಕಾದವರಲ್ಲೇನ್ರಿ?” ಎಂದರೆ ಕೂಡಲೇ ಹೆಸರು, ಮನೆತನ, ಊರು ಎಲ್ಲ ಹೊರಬೀಳುತ್ತದೆ. ಇಷ್ಟು ತೊಂದರೆ ಯಾಕೆ, ಬಂದ ಕೂಡಲೇ ಹೆಸರು ಹೇಳಿ. ಎದ್ದು ಹೋಗುವಾಗಲೂ “ಬರ್ತೀನ್ರಿ” ಎಂದು ಹೇಳಿ ಹೋಗಿ. ಇಲ್ಲದಿದ್ದರೆ ಖಾಲಿ ಕುರ್ಚಿಗೆ ನಾನು ಅಲ್ಪಪ್ರಾಣ, ಮಹಾಪ್ರಾಣದ ಮೇಲೆ ಅರ್ಧ ತಾಸು ಭಾಷಣ ಮಾಡಿರುತ್ತೇನೆ, ಸೊಸೆ ಒಳಗಿನಿಂದ ಬಂದು “ಮಾಮಾರ, ಅವರು ಹೋಗಿ ಹೊತ್ತಾತು” ಎನ್ನುವ ತನಕ.